ತಾಂಡಾ ಸಾಲಿಯ ದಿನಚರಿ

29 ಮೇ 2025, ಗುರುವಾರ

ಸಾಲಿ ಶುರುವಾಯಿತು. ತೋರಣ, ಸಿಹಿ ಊಟ ಎಲ್ಲ ಆಯಿತು. ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ನಲಿಕಲಿ ಕೋಣೆ ಈ ವರ್ಷವೂ ನನಗೇ. ಮನೆಯಲ್ಲಿ ಲಂಬಾಣಿ ಆಡುವ ಮಕ್ಕಳು; ಒಂದನೇ ಕ್ಲಾಸಿನವರಿಗೆ ನನ್ನ ಕನ್ನಡ ತಿಳಿಸಿ ಹೇಳಲು ಮೂರನೇ ಕ್ಲಾಸಿನವರೇ ಬೇಕು.

ಎರಡನೇ ಕ್ಲಾಸಿಗೆ ಬಂದ ಒಬ್ಬ ಹುಡುಗಿ ಇನ್ನೂ ನಲಿಕಲಿಯ ಮೊದಲ ಮೈಲಿಗಲ್ಲು ದಾಟಿಲ್ಲ. ಹೋದ ದೀಪಾವಳಿ ಮುಗಿಸಿ ಅಪ್ಪ-ಅವ್ವನ ಜೊತೆ ಕಬ್ಬು ಕಡಿಯುವ ಕಡೆ ಹೋದವಳು ತಿರುಗಿ ಬಂದದ್ದು ಯುಗಾದಿಗೆ. ಕಲಿತ ಅಕ್ಷರ ಒಂದೂ ಉಳಿದಿಲ್ಲ.

18 ಜುಲೈ, ಶುಕ್ರವಾರ

ನಲಿಕಲಿಯಲ್ಲಿ ಅ, ಆ, ಇ, ಈ ಅಂತ ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಸಾಕು, ಸರ, ಅರಸ, ಅಗಸ ಎಲ್ಲ ಓದಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಇದನ್ನು ಶುರು ಮಾಡಿದವರಿಗೆ ಮಕ್ಕಳ ಆತುರ ಚೆನ್ನಾಗಿ ಗೊತ್ತಿತ್ತು.

ಇವತ್ತು ಆ ಹುಡುಗಿ ಕಾರ್ಡಿನ ಮೇಲೆ ಬೆರಳಿಟ್ಟು ‘ಗ... ರ...’ ಅಂದು ನಿಂತಳು. ಮುಂದಿನದೂ ಗ. ಮೋಸವೇನೋ ಅಂತ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ತಟಕ್ಕನೆ ‘ಗರಗಸ!’ ಅಂದಳು. ಹಂಗಂದ್ರೇನು ಅಂತ ಕೇಳಿದಳು, ಚಿತ್ರ ಬರೆದು ತೋರಿಸಿದೆ. ‘ನಮ್ಮಪ್ಪನ ಕಬ್ಬು ಕಡಿಯೋ ಕೊಯ್ತಾಕ್ಕ ಹಲ್ಲಿಲ್ರೀ ಅಕ್ಕೋರ.’

ಅಷ್ಟರಲ್ಲಿ ಹೆಡ್‌ಮಾಸ್ತರರ ಕರೆ. ಯಾವುದೋ ಮಾಹಿತಿ ಅರ್ಧ ಗಂಟೆಯಲ್ಲಿ ಹೋಗಬೇಕಂತೆ. ಎಲ್ಲ ಮಾಹಿತಿಗೂ ಅರ್ಧ ಗಂಟೆಯೇ. ಮಕ್ಕಳನ್ನು ಮೂರನೇ ಕ್ಲಾಸಿನ ಮುಂದಾಳುಗಳ ಕೈಗೆ ಕೊಟ್ಟು ಹೋದೆ.

24 ಸೆಪ್ಟೆಂಬರ್, ಬುಧವಾರ

ದಸರಾ ರಜೆಯಲ್ಲಿ ಮನೆಮನೆಯ ಜಾತಿ ಸಮೀಕ್ಷೆ. ಮನೆಗೆ 60 ಪ್ರಶ್ನೆ, ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕು. ಬೇಸರವೇ. ಆದರೆ ಆ ಹುಡುಗಿಯ ಮನೆಯೊಳಗೆ ಕಾಲಿಟ್ಟದ್ದು ಇದರಿಂದಲೇ. ಉದ್ಯೋಗ ಕೇಳಿದೆ. ‘ಐದು ತಿಂಗಳು ಕಬ್ಬು, ಉಳಿದದ್ದು ದೇವರು, ಹಂಗಽ ಬರಕೋರಿ’ ಅಂದಳು ಅವ್ವ.

ಕಬ್ಬಿನ ಗ್ಯಾಂಗಿನ ಮುಕಾದಮನಿಂದ ಮುಂಗಡ ತಂದಾಗಿದೆ. ಹುಡುಗಿಯನ್ನು ಅಜ್ಜಿ ಹತ್ತಿರ ಬಿಡ್ರಿ ಅಂದೆ. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಗದ್ದೆಯಲ್ಲಿ ಸಣ್ಣ ಕೂಸನ್ನು ನೋಡಿಕೊಳ್ಳುವವಳು ಈಕೆಯೇ. ಅವ್ವ ಹೇಳಿದ್ದರಲ್ಲಿ ತಪ್ಪೇನಿದೆ? ಚಹಾ ಕುಡಿದು ಎದ್ದೆ.

4 ನವೆಂಬರ್, ಮಂಗಳವಾರ

ಗುರ್ಲಾಪುರದಲ್ಲಿ ಕಬ್ಬಿನ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತಿದ್ದಾರೆ. ನಮ್ಮ ತಾಂಡಾದ ಗ್ಯಾಂಗುಗಳು ಹೋಗುವುದು ಆ ಕಡೆಗೇ, ಹಾಗಾಗಿ ಇನ್ನೂ ಹೊರಟಿಲ್ಲ. ಕ್ಲಾಸು ತುಂಬಿದೆ. ಹುಡುಗಿ ಕಾಗುಣಿತಕ್ಕೆ ಬಂದಿದ್ದಾಳೆ. ಕೊಂಬು, ಇಳಿ ಸ್ವಲ್ಪ ತೊಡಕು. ರೈತರು ಗೆಲ್ಲಲಿ, ಆದರೆ ನಿಧಾನಕ್ಕೆ ಗೆಲ್ಲಲಿ ಅಂತ ಮನಸ್ಸಿನಲ್ಲಿ.

8 ನವೆಂಬರ್, ಶನಿವಾರ

ಕನಕ ಜಯಂತಿ. ನಿನ್ನೆ ರಾತ್ರಿ ಕಬ್ಬಿನ ದರ 3,300ಕ್ಕೆ ತೀರ್ಮಾನವಾಯಿತಂತೆ. ಪೂಜೆ ಮುಗಿಸಿ ಹೊರಬಂದರೆ ತಾಂಡಾದ ಬಾಯಿಗೆ ಟ್ರ್ಯಾಕ್ಟರು ಬಂದು ನಿಂತಿದೆ. ಜೆರಾಕ್ಸ್ ಮಾಡಿಸಿಟ್ಟಿದ್ದ ಕಾರ್ಡುಗಳನ್ನು ಹುಡುಗಿಯ ಚೀಲಕ್ಕೆ ತುರುಕಿದೆ. ಪಾತ್ರೆ, ತಾಡಪತ್ರಿ, ಕೋಳಿ, ಕೂಸು. ಅವುಗಳ ನಡುವೆ ಆ ಚೀಲ ಎಷ್ಟು ದಿನ ಬಾಳುತ್ತದೋ.

10 ನವೆಂಬರ್, ಸೋಮವಾರ

ಅರ್ಧ ಕೋಣೆ ಖಾಲಿ. ಹಾಜರಾತಿ ಇಳಿದರೆ ಪೋಸ್ಟಿಗೂ ಸಂಚಕಾರ ಅಂತ ಹೆಡ್‌ಮಾಸ್ತರರ ಚಿಂತೆ, ಅದೂ ಸುಳ್ಳಲ್ಲ. ಇನ್ನು ಬಿಸಿಯೂಟದ ಒಂದು ಮೊಟ್ಟೆಗೆ ಬರುವುದು 6 ರೂಪಾಯಿ, ಬೇಯಿಸಿ ಸುಲಿಯುವುದೂ ಅದರಲ್ಲೇ. ಅಂಗಡಿಯ ದರ ಅದನ್ನು ದಾಟಿ ಕೂತಿದೆ. ಕಡಿಮೆ ಬಿದ್ದದ್ದಕ್ಕೆ ಕೈಯಿಂದಲೇ ಹಾಕಿದ್ದೇವೆ.

21 ನವೆಂಬರ್, ಶುಕ್ರವಾರ

ಮಧ್ಯಾಹ್ನ ಅವರಪ್ಪನ ವಿಡಿಯೊ ಕಾಲ್. ಹಿಂದೆ ಕಬ್ಬಿನ ರವದಿ, ಹುಡುಗಿಯ ಸೊಂಟದ ಮೇಲೆ ಕೂಸು. ಟ್ರೇಲರಿನ ಹಿಂದೆ ಬರೆದದ್ದನ್ನು ಓದುತ್ತೇನೆ ಅಂತ ಫೋನನ್ನು ಅತ್ತ ತಿರುಗಿಸಿದಳು. ಒತ್ತಕ್ಷರ ಬಂದಲ್ಲೆಲ್ಲ ಹಾರಿದಳು, ಉಳಿದದ್ದು ಬಂತು. ಇಲ್ಲಿ ಹುಡುಗರು ಹೋ ಅಂತ ಚಪ್ಪಾಳೆ ತಟ್ಟಿದರು.

‘ಅಕ್ಕೋರ, ನನ್ನ ತತ್ತಿ ಯಾರಿಗೆ ಕೊಡಾಕತ್ತೀರಿ?’

ಬರದವರ ಹೆಸರಿಗೆ ತತ್ತಿ ಬೇಯಿಸುವುದಿಲ್ಲ ಅಂದೆ. ಅದು ಆಕೆಗೆ ಸರಿಬರಲಿಲ್ಲ. ಕೂಸು ಅಳತೊಡಗಿತು, ಮುಕಾದಮ ಕೂಗಿದ. ದಿನಾ ರಾತ್ರಿ ಒಂದು ಕಾರ್ಡಿನ ಫೋಟೊ ಕಳಿಸುತ್ತೇನೆ, ಓದಿ ವಾಯ್ಸ್ ಕಳಿಸಲಿ ಅಂತ ಅಪ್ಪನಿಗೆ ಹೇಳಿದ್ದೇನೆ. ಮೊದಲನೆಯದು ಒತ್ತಕ್ಷರದ್ದು, ಈಗಷ್ಟೇ ಕಳಿಸಿದೆ.