ಕಾದರೆ ನಿಲ್ಲುವುದು, ಕಾದರೆ ಹೊರಡುವುದು

ಕನ್ನಡದ ‘ಕಾಯುವುದು’ ಎಂಬ ಮಾತು ಬಹಳ ಉಪಕಾರಿ. ಒಲೆಯ ಮೇಲಿನ ಹಾಲು ಕಾಯುತ್ತದೆ. ಬಸ್ಸಿಗಾಗಿ ನಿಂತವನು ಕಾಯುತ್ತಾನೆ. ಹೊಲದ ಅಟ್ಟಣೆಯ ಮೇಲೆ ಕುಳಿತವನು ಬೆಳೆಯನ್ನು ಕಾಯುತ್ತಾನೆ. ಕೇಶಿರಾಜನ ವ್ಯಾಕರಣವನ್ನು ಪಾಠ ಹೇಳುವ ನನಗೆ ಈ ಮೂರು ಅರ್ಥಗಳೂ ಬಲು ದಿನಗಳಿಂದ ಪರಿಚಿತವೇ. ಆದರೆ ಮೂರೂ ಒಂದೇ ವಾಹನದಲ್ಲಿ ಕೂಡಿ ಬರಬಲ್ಲವೆಂಬುದನ್ನು ತೋರಿಸಿಕೊಟ್ಟದ್ದು ನಮ್ಮ ಮನೆಯ ಜಾವಾ ಮೋಟಾರ್ ಸೈಕಲ್ಲು. ಅದು ಕಾದರೆ ನಿಲ್ಲುತ್ತದೆ. ನಾವು ಕಾದರೆ ಹೊರಡುತ್ತದೆ. ಇಷ್ಟು ವರ್ಷ ಅದನ್ನು ಕಾದವರು ನಮ್ಮ ತಂದೆಯವರು.

ಜಾವಾ ಎಂಬುದು ದ್ವೀಪದ ಹೆಸರಲ್ಲ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ಲಿನ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನೂ ಕೂಡಿಸಿ ಮಾಡಿದ ಸಂಧಿ ಅದು. ಅಲ್ಲಿಂದ ಮೈಸೂರಿನ ಯಾದವಗಿರಿಗೆ ಬಂದುದು 1961ರಲ್ಲಿ, ಐಡಿಯಲ್ ಜಾವಾ ಕಾರ್ಖಾನೆಯ ಮೂಲಕ. ಮುಂದೆ ಯೆಜ್ಡಿ ಎಂಬ ಹೆಸರು ಪಡೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಆ ಗಾಡಿಗಳು ಅಲ್ಲಿಂದ ಹೊರಬರುತ್ತಲೇ ಇದ್ದವು. ತಂದೆಯವರು ಅಲ್ಲಿಯ ಜೋಡಣೆಯ ವಿಭಾಗದಲ್ಲಿ ದುಡಿದವರು. ನಮ್ಮ ಗಾಡಿಯನ್ನು ಅವರು ಕೊಂಡದ್ದು ಇನ್ನೊಬ್ಬರ ಕೈಯಿಂದ. ಆದರೆ ಅದರ ಯಾವ ತಿರುಪು ಯಾವ ಕಡೆಗೆ ಎಷ್ಟು ಸುತ್ತು ಎಂಬುದು ಅವರಿಗೆ ಕೈಯ ನೆನಪಿನಲ್ಲಿಯೇ ಉಂಟು. ಒಂದೇ ಸಿಲಿಂಡರು, ಎರಡು ಹೊಗೆಕೊಳವೆ. 65 ಮಿಲಿಮೀಟರು ಅಗಲದ ಕೊಳವೆಯಲ್ಲಿ ಪಿಸ್ಟನ್ನು 75 ಮಿಲಿಮೀಟರು ಮೇಲೆ ಕೆಳಗೆ ಓಡಾಡಬೇಕು, ಅಷ್ಟೆ. ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಬಾಗಿ ಗೇರಿನ ಸನ್ನೆಯಾಗುತ್ತದೆ. ಎರಡು ಕೆಲಸಕ್ಕೆ ಒಂದೇ ಸಂಬಳ!

ತಂದೆಯವರು ರಿಚರ್ಡ್ಸ್ ಟೌನಿನ ನಮ್ಮ ಬಾಡಿಗೆಯ ಮನೆಗೆ ಬಂದಾಗ ಜೊತೆಗೆ ತಂದದ್ದು ಒಂದು ಟ್ರಂಕು, ಈ ಒಂದು ಗಾಡಿ. ಮೊಣಕಾಲಿನ ನೋವಿನಿಂದ ಅವರು ಕಿಕ್ ಹೊಡೆಯುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಶನಿವಾರಗಳಲ್ಲಿ ನಾನು ಅದನ್ನೇರಿ ಕೃಷ್ಣರಾಜಪುರದ ಆಚೆಗಿರುವ ಕಾಲೇಜಿಗೆ ಹೋಗುತ್ತೇನೆ. ಹೊರಡುವಾಗ ಒಂದೇ ಒದೆತಕ್ಕೆ ಎದ್ದು, ಎರಡು ಸುತ್ತು ಹೊಗೆ ಬಿಟ್ಟು, ರಿಚರ್ಡ್ಸ್ ಪಾರ್ಕಿನ ಮರಗಳ ನೆರಳಿನಲ್ಲಿ ಸಂಭಾವಿತನಂತೆ ಸಾಗುತ್ತದೆ. ಬಾಣಸವಾಡಿಯೂ ದಾಟುತ್ತದೆ. ಟಿನ್ ಫ್ಯಾಕ್ಟರಿಯ ವಾಹನಸಂದಣಿಯಲ್ಲಿ ಹತ್ತು ನಿಮಿಷ ತೆವಳಿ ತೂಗುಸೇತುವೆಯನ್ನು ಸಮೀಪಿಸುವಷ್ಟರಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಆಮೇಲೆ ಎಷ್ಟು ಒದ್ದರೂ ಇಲ್ಲ. ಇಪ್ಪತ್ತು ನಿಮಿಷ ರಸ್ತೆಯ ಪಕ್ಕದಲ್ಲಿ ನಿಲ್ಲಿಸಿ ಎಳನೀರು ಕುಡಿದು ಬಂದರೆ, ಏನೂ ನಡೆದೇ ಇಲ್ಲವೆಂಬಂತೆ ಒಂದೇ ಒದೆತಕ್ಕೆ ಏಳುತ್ತದೆ!

ಇಂಥ ಗಾಡಿಗೆ ಸಲಹೆಗಾರರ ಅಭಾವವಿಲ್ಲ. ದಂಡಿನ ಪ್ರದೇಶದ ಸೊಗಸೆಂದರೆ ಸಲಹೆ ನಾಲ್ಕು ಭಾಷೆಗಳಲ್ಲಿ ದೊರೆಯುತ್ತದೆ. ಕೆಳಮನೆಯ ಆಂಗ್ಲೋ ಇಂಡಿಯನ್ ವೃದ್ಧರು ಕಾರ್ಬೊರೇಟರನ್ನು ದೂಷಿಸಿದರು. ಇಸ್ತ್ರಿಯಂಗಡಿಯವನು ತಮಿಳಿನಲ್ಲಿ ಪ್ಲಗ್ಗನ್ನು ಬದಲಾಯಿಸಲು ಹೇಳಿದ. ನನ್ನ ಸಹೋದ್ಯೋಗಿಯೊಬ್ಬರು, ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುವುದರಿಂದ ಅದು ದಾರಿಯಲ್ಲಿಯೇ ಆವಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆಂದು ಪ್ರತಿಪಾದಿಸಿದರು. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿಯಾದ್ದರಿಂದ ಈ ಶಂಕೆಯನ್ನು ತಳ್ಳಿಹಾಕುವಂತಿರಲಿಲ್ಲ. ಪ್ಲಗ್ಗು ಬದಲಾಯಿತು, ಕಾರ್ಬೊರೇಟರು ಮೂರು ಸಲ ಸ್ನಾನ ಮಾಡಿತು. ತೂಗುಸೇತುವೆ ಮಾತ್ರ ತನ್ನ ಕಂದಾಯವನ್ನು ಬಿಡಲಿಲ್ಲ.

ಈ ನಡುವೆ ಪುಣೆಯಲ್ಲಿರುವ ಅಣ್ಣನಿಂದ ದೂರವಾಣಿ ಬಂದಿತು. ಹಳೆಯ ಗಾಡಿಗಳನ್ನು ಸಂಗ್ರಹಿಸುವ ಸ್ಥಿತಿವಂತರೊಬ್ಬರು ಅವನಿಗೆ ಪರಿಚಯವಾಗಿದ್ದರು. ಒಳ್ಳೆಯ ಬೆಲೆ ಕೊಡಲು ಸಿದ್ಧರಿದ್ದರು. ಗಾಡಿ ನಿಂತರೂ ಚಿಂತೆಯಿಲ್ಲ, ತಮ್ಮ ಪಡಸಾಲೆಯಲ್ಲಿ ಅಲಂಕಾರಕ್ಕೆ ಇಡುತ್ತಾರಂತೆ. ಆ ಹಣ ನಮಗೆ ಬೇಡವಾಗಿರಲಿಲ್ಲ. ತಂದೆಯವರ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಮಾತನ್ನು ವೈದ್ಯರು ಆಗಲೇ ಎತ್ತಿದ್ದರು. ನಾನು ಅಳುಕುತ್ತಲೇ ವಿಷಯ ತಿಳಿಸಿದೆ. ತಂದೆಯವರು ಬಹಳ ಹೊತ್ತು ಪತ್ರಿಕೆಯ ಪುಟವನ್ನು ಮಗುಚಲಿಲ್ಲ.

“ಮಾರೋದಾದ್ರೆ ಮಾರಪ್ಪ, ಬೇಡ ಅನ್ನೋಲ್ಲ. ಆದ್ರೆ ಓಡದ ಗಾಡೀನ ಕೊಡಬಾರದು. ನಮ್ಮ ಮನೆಯಿಂದ ಹೋಗೋವಾಗ ಅದು ಓಡ್ತಾ ಹೋಗ್ಬೇಕು.”

ವಾಚಕರು ನನ್ನ ಇಕ್ಕಟ್ಟನ್ನು ಗ್ರಹಿಸಬೇಕು. ಅಲ್ಲಿಯವರೆಗೆ ಗಾಡಿ ಗುಣವಾಗಲೆಂದು ಹಾರೈಸುತ್ತಿದ್ದವನು ನಾನು. ಇನ್ನು ಮೇಲೆ ಅದು ಗುಣವಾದ ದಿನವೇ ಅದರ ಬೀಳ್ಕೊಡುಗೆಯ ದಿನ. ಆದರೂ ತಂದೆಯ ಮಾತನ್ನು ನಡೆಸದೆ ಇರುವುದಕ್ಕಾಗುತ್ತದೆಯೇ?

ರೈಲುಹಳಿಯ ಕಡೆಗಿರುವ ಒಂದು ಓಣಿಯಲ್ಲಿ, ಎರಡು ಸ್ಕೂಟರು ನಿಲ್ಲುವಷ್ಟೇ ಅಗಲದ ಅಂಗಡಿಯಿಟ್ಟುಕೊಂಡ ವೃದ್ಧ ಸಾಬರೊಬ್ಬರಿದ್ದಾರೆ. ಗಾಡಿಯನ್ನು ಕೊಂಡೊಯ್ದು ರೋಗಲಕ್ಷಣವನ್ನು ವಿವರಿಸಿದೆ. ಅವರು ಎಂಜಿನ್ನಿನ ರೆಕ್ಕೆಗಳ ಮೇಲೆ ಕೈಯಿಟ್ಟು ನೋಡಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಇದು ತಣ್ಣಗಿದೆ ಸಾರ್. ಜ್ವರ ಇದ್ದಾಗ ಡಾಕ್ಟ್ರಿಗೆ ತೋರಿಸ್ಬೇಕು. ಇಳಿದ್ಮೇಲೆ ಕರ್ಕೊಂಡ್ ಬಂದ್ರೆ ನಾನು ಏನ್ ನೋಡ್ಲಿ?”

ಅದುವರೆಗಿನ ಪರೀಕ್ಷಕರೆಲ್ಲ ಗಾಡಿಯನ್ನು ನೋಡಿದ್ದು ಮನೆಯಂಗಳದಲ್ಲಿ, ಅದು ತಣ್ಣಗೆ ಕುಳಿತಿದ್ದಾಗ. ನಿಂತಾಗಲೆಲ್ಲ ತಾಳ್ಮೆಯಿಂದ ಕಾಯುವುದೇ ರೂಢಿ. ಕಾಯುತ್ತಿದ್ದಂತೆಯೇ ಸಾಕ್ಷ್ಯವೂ ಆರಿಹೋಗುತ್ತಿತ್ತು. ನಿಂತ ಮೊದಲ ಎರಡು ನಿಮಿಷಗಳಲ್ಲಿ ಗಾಡಿಯ ಪಕ್ಕದಲ್ಲಿ ಬಲ್ಲವರೊಬ್ಬರು ಇರಬೇಕು. ಆದುದರಿಂದ ಮೇ ತಿಂಗಳ ಒಂದು ಮಧ್ಯಾಹ್ನ, ಸಾಬರು ಸಲಕರಣೆಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ನನ್ನ ಹಿಂದೆ ಕುಳಿತರು. ನಾವು ಗಾಡಿಯನ್ನು ಕೆಡಿಸುವುದಕ್ಕಾಗಿಯೇ ಹೊರಟೆವು.

ಅದು ನಮ್ಮನ್ನು ನಿರಾಶೆಗೊಳಿಸಲಿಲ್ಲ. ತೂಗುಸೇತುವೆಯ ಬುಡದಲ್ಲಿ ನಿಂತಿತು. ಗಾಲಿ ಪೂರ್ತಿ ನಿಲ್ಲುವುದರೊಳಗೆ ಸಾಬರು ಇಳಿದು ಟ್ಯಾಂಕಿನ ಮುಚ್ಚಳ ತೆರೆದು ಕಿವಿಗೊಟ್ಟರು. ಮುಚ್ಚಳದ ಗಾಳಿಯ ರಂಧ್ರ ಕಟ್ಟಿದ್ದರೆ ಒಳಗೆ ನಿರ್ವಾತವಾಗಿ ಪೆಟ್ರೋಲು ಇಳಿಯದು. ಆಗ ತೆರೆದೊಡನೆ ‘ಸುಯ್’ ಎಂದು ಉಸಿರೆಳೆಯುತ್ತದೆ. ಉಸಿರು ಕೇಳಿಸಲಿಲ್ಲ. ಕಾರ್ಬೊರೇಟರಿನ ಗುಂಡಿಯನ್ನು ಒತ್ತಿದರು. ಪೆಟ್ರೋಲು ಧಾರಾಳವಾಗಿ ಜಿನುಗಿತು. ನನ್ನ ಸಹೋದ್ಯೋಗಿಗಳ ಆವಿಯ ವಾದ ಅಲ್ಲಿಗೆ ಬಿದ್ದಿತು. ಕಿಕ್ಕನ್ನು ಕೈಯಿಂದ ಅದುಮಿದರೆ ಸಲೀಸಾಗಿ ಇಳಿಯಿತು; ಪಿಸ್ಟನ್ನು ಕಚ್ಚಿಕೊಂಡಿಲ್ಲವೆಂದು ಇದರ ಅರ್ಥ. ಬಟ್ಟೆ ಸುತ್ತಿ ಪ್ಲಗ್ಗನ್ನು ಕಳಚಿದರು. ತುದಿ ಒದ್ದೆಯಾಗಿತ್ತು: ಉಣಿಸು ಬಂದಿದೆ, ಬೆಂಕಿ ಬಂದಿಲ್ಲ. ತಂತಿ ಸಿಕ್ಕಿಸಿ, ಸಿಲಿಂಡರಿನ ರೆಕ್ಕೆಗೆ ತಾಗಿಸಿ ಹಿಡಿದು ಒದೆಯಲು ಹೇಳಿದರು. ಗಟ್ಟಿಯಾದ ನೀಲಿಯ ಕಿಡಿ ಕಾಣಬೇಕಾದಲ್ಲಿ ಕೂದಲೆಳೆಯಂಥ ಹಳದಿಯ ಮಿಣುಕು.

ಆಗ ಎಂಜಿನ್ನಿನ ಬಲಬದಿಯ ಮುಚ್ಚಳವನ್ನು ತೆಗೆದರು. ಅಲ್ಲಿ ಪಾಯಿಂಟುಗಳೆಂಬ ಒಂದು ಜೊತೆ ಲೋಹದ ತುಟಿಗಳಿರುತ್ತವೆ. ಅವು ತೆರೆದ ಕ್ಷಣದಲ್ಲಿ ಕಾಯಿಲಿನ ವಿದ್ಯುತ್ತು ಥಟ್ಟನೆ ಕಡಿದರೆ ಮಾತ್ರ ಪ್ಲಗ್ಗಿನಲ್ಲಿ ಬಲವಾದ ಕಿಡಿ ಹುಟ್ಟುತ್ತದೆ. ಹಾಗೆ ಥಟ್ಟನೆ ಕಡಿಯುವಂತೆ ಮಾಡುವುದು ಪಕ್ಕದಲ್ಲಿರುವ ಕಂಡೆನ್ಸರು: ಲೋಹದ ಹಾಳೆಯನ್ನೂ ಕಾಗದವನ್ನೂ ಸುರುಳಿ ಸುತ್ತಿ ತುಂಬಿದ, ಹೆಬ್ಬೆರಳ ಗಾತ್ರದ ಡಬ್ಬಿ. ಕಾಲ ಕಳೆದಂತೆ ಒಳಗಿನ ಕಾಗದ ಸೊರಗುತ್ತದೆ. ತಣ್ಣಗಿದ್ದಾಗ ಹೇಗೋ ಮಾನ ಕಾಪಾಡುತ್ತದೆ; ಕಾವೇರಿದೊಡನೆ ಸೋರತೊಡಗುತ್ತದೆ. ಆಗ ಪ್ಲಗ್ಗಿಗೆ ಸಲ್ಲಬೇಕಾದ ಕಿಡಿ ಪಾಯಿಂಟುಗಳ ನಡುವೆಯೇ ಹಾರಿ ಮುಗಿಯುತ್ತದೆ. ನಾನು ಒದೆದಾಗಲೆಲ್ಲ ಆ ತುಟಿಗಳ ನಡುವೆ ನೀಲಿಯ ಮಿಂಚು ಹಾರುವುದನ್ನು ಸಾಬರು ಬೆರಳಿಟ್ಟು ತೋರಿಸಿದರು.

ಜೇಬಿನಿಂದ ಬೇರೊಂದು ಕಂಡೆನ್ಸರನ್ನು ತೆಗೆದು, ಹಳೆಯದರ ತಂತಿ ಬಿಡಿಸಿ, ಇದನ್ನು ಹೊರಗಿನಿಂದಲೇ ಸಿಕ್ಕಿಸಿದರು. ಎಂಜಿನ್ನು ಇನ್ನೂ ಮುಟ್ಟಲಾರದಷ್ಟು ಬಿಸಿಯಿತ್ತು. ಒಂದು ಒದೆತ, ಎದ್ದಿತು! ಮತ್ತೆ ಹಳೆಯದನ್ನೇ ಜೋಡಿಸಿದರು, ಏಳಲಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ವಯ, ವ್ಯತಿರೇಕವೆಂದು ಹೆಸರು. ಅದು ಇದ್ದರೆ ಇದು ಇರುತ್ತದೆ, ಅದಿಲ್ಲದಿದ್ದರೆ ಇದೂ ಇಲ್ಲ. ಎಂ.ಎ. ತರಗತಿಯಲ್ಲಿ ಹೊಗೆ, ಬೆಂಕಿ, ಪರ್ವತಗಳ ಉದಾಹರಣೆಯಿಂದ ಓದಿದ್ದನ್ನು ಕೃಷ್ಣರಾಜಪುರದ ಬಿಸಿಲಿನಲ್ಲಿ ಕಣ್ಣಾರೆ ಕಂಡೆ. ಲಾರಿಯವನೊಬ್ಬ ನಮ್ಮನ್ನು ಬೈಯುತ್ತ ದಾಟಿಹೋದುದು ಕಿವಿಗೇ ಬೀಳಲಿಲ್ಲ.

ಪೇಟೆಯ ಅಂಗಡಿಯೊಂದರಿಂದ (ಹೆಸರು ಬೇಡ) ತಂದ ಹೊಚ್ಚ ಹೊಸ ಕಂಡೆನ್ಸರು ಎರಡೇ ಶನಿವಾರಗಳಲ್ಲಿ ಹಳೆಯದರ ದಾರಿ ಹಿಡಿಯಿತು. ಸಾಬರಿಗೆ ಆಶ್ಚರ್ಯವೇನೂ ಆಗಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಅರ್ಧ ದಿನ ಅಲೆದು, ಯಾವುದೋ ಹಳೆಯ ಕಾರಿನ ದಪ್ಪನೆಯ ಕಂಡೆನ್ಸರನ್ನು ಹುಡುಕಿ ತಂದರು. ಅದನ್ನು ಎಂಜಿನ್ನಿನ ಮುಚ್ಚಳದೊಳಗೆ ಬೇಯಲು ಬಿಡದೆ, ಟ್ಯಾಂಕಿನ ಕೆಳಗೆ ಗಾಳಿಯಾಡುವೆಡೆಯಲ್ಲಿ ಚೌಕಟ್ಟಿಗೆ ಬಿಗಿದು, ತಂತಿಯನ್ನು ಮಾತ್ರ ಒಳಕ್ಕೆ ಎಳೆದರು. ಸುಟ್ಟಿದ್ದ ಪಾಯಿಂಟುಗಳನ್ನು ಉಜ್ಜಿ, ನಡುವಣ ಅಂತರವನ್ನು 0.4 ಮಿಲಿಮೀಟರಿಗೆ ನಿಲ್ಲಿಸಿದರು. ಕಾರ್ಖಾನೆಯ ಕ್ರಮಕ್ಕೆ ಇದು ಹೊರತಾದುದರಿಂದ ತಂದೆಯವರು ಒಪ್ಪುವರೋ ಇಲ್ಲವೋ ಎಂಬ ಭಯ ನನಗೆ. ಅವರು ಬಗ್ಗಲಾರದೆ ಬಗ್ಗಿ ನೋಡಿ, ತಂತಿ ಟ್ಯಾಂಕಿಗೆ ಉಜ್ಜದಂತೆ ಒಂದು ರಬ್ಬರಿನ ತುಂಡು ಸುತ್ತಿಸಿದರು, ಅಷ್ಟೆ.

ಜುಲೈ ತಿಂಗಳಲ್ಲಿ ನಾನು ಒಂದೇ ಓಟದಲ್ಲಿ ಹೊಸಕೋಟೆಗೆ ಹೋಗಿ ಬಂದೆ. ಟಿನ್ ಫ್ಯಾಕ್ಟರಿಯ ಸಂದಣಿಯಲ್ಲಿ ಕಾಲು ಗಂಟೆ ತೆವಳಿದರೂ ಕೆಮ್ಮಲಿಲ್ಲ. ಮನೆಗೆ ಬಂದಾಗ ತಂದೆಯವರು ಜಗಲಿಯಲ್ಲಿಯೇ ಇದ್ದರು. ಎಂಜಿನ್ನನ್ನು ನಿಲ್ಲಿಸಕೂಡದೆಂದು ಸನ್ನೆ ಮಾಡಿ, ಕಣ್ಣು ಮುಚ್ಚಿ ಬಹಳ ಹೊತ್ತು ಅದರ ಸದ್ದನ್ನು ಕೇಳಿದರು.

ಆ ರಾತ್ರಿ ಅಣ್ಣ ಮಾತಿಗೆ ಸಿಕ್ಕಿದಾಗ, ಗಾಡಿ ಸರಿಹೋಯಿತೆಂದು ಹೇಳಿ ದೂರವಾಣಿಯನ್ನು ತಂದೆಯವರ ಕೈಗಿತ್ತೆ. ಕೊಳ್ಳುವವರು ಮುಂದಿನ ಭಾನುವಾರವೇ ಬರಲು ಸಿದ್ಧರಿದ್ದಾರೆಂದು ಆ ಕಡೆಯಿಂದ ಕೇಳಿಸುತ್ತಿತ್ತು. ಹೊರಗೆ ಸೋನೆ ಹಿಡಿದಿತ್ತು. ತಂದೆಯವರು ಒಮ್ಮೆ ಕಿಟಕಿಯ ಕಡೆ ನೋಡಿದರು.

“ಮಳೆಗಾಲದಲ್ಲಿ ನೋಡಿದ್ದು ಪರೀಕ್ಷೆ ಆಗೋಲ್ಲಪ್ಪ. ಅದಕ್ಕೆ ಇರೋ ಕಾಯಿಲೆ ಬಿಸಿಯದು. ಅವರಿಗೆ ಹೇಳು, ಒಂದು ಬೇಸಗೆ ಕಳೀಲಿ.”