ಶಂಕುವಿನ ಅಂಚಿನಲ್ಲಿದ್ದ ಊರು

2022ರ ಸೆಪ್ಟೆಂಬರ್ ಕೊನೆಯಲ್ಲಿ ಫ್ಲಾರಿಡಾದವರ ಕಣ್ಣೆಲ್ಲ ಟ್ಯಾಂಪಾ ಮೇಲಿತ್ತು. ಇಯಾನ್ ಚಂಡಮಾರುತ ಅಲ್ಲಿಗೇ ಬಡಿಯುತ್ತದೆಂಬ ಭಯ. ಅದು ಪೂರ್ವಕ್ಕೆ ಹೊರಳಿ, 28ರಂದು ದಕ್ಷಿಣದ ಫೋರ್ಟ್ ಮೈಯರ್ಸ್ ಬಳಿ ದಡ ಮುಟ್ಟಿತು. ಅಲ್ಲಿನ ಲೀ ಕೌಂಟಿಯಲ್ಲಿ ಕಡ್ಡಾಯ ತೆರವಿನ ಆದೇಶ ಹೊರಟದ್ದು ಹಿಂದಿನ ದಿನವಷ್ಟೇ!

ಚಂಡಮಾರುತದ ಹಾದಿಯ ಮುನ್ಸೂಚನೆಗೆಂದು ಟಿವಿ ನಕ್ಷೆಯಲ್ಲಿ ಬಿಡಿಸುವ ಬಿಳಿ ಶಂಕುವಿನ ಅಂಚಿನಲ್ಲಷ್ಟೇ ಆ ಊರಿತ್ತು. ಆದರೆ ಆ ಶಂಕು ಹೇಳುವುದು ಚಂಡಮಾರುತದ ಕೇಂದ್ರ ಎಲ್ಲಿ ಸಾಗಬಹುದೆಂದು ಮಾತ್ರ. ಅದೂ ಮೂರರಲ್ಲಿ ಎರಡು ಪಾಲು ಭರವಸೆಯಿಂದ. ಗಾಳಿ, ಮಳೆ, ಉಕ್ಕುವ ಕಡಲು ಆ ಗೆರೆಯೊಳಗೆ ನಿಲ್ಲುವುದಿಲ್ಲ. ಫೋರ್ಟ್ ಮೈಯರ್ಸ್ ಬೀಚಿನಲ್ಲಿ ನೀರು 10 ಅಡಿಗೂ ಮೇಲೇರಿ ಮನೆಗಳನ್ನು ಅಡಿಪಾಯದಿಂದಲೇ ಕಿತ್ತೊಯ್ದಿತು. ಇಯಾನ್‌ಗೆ ನೇರವಾಗಿ ಬಲಿಯಾದವರಲ್ಲಿ ಹೆಚ್ಚಿನವರು ಹೀಗೆ ಉಕ್ಕಿದ ಕಡಲಿಗೇ ಸಿಕ್ಕವರು.

ಈ ಕಡಲುಬ್ಬರಕ್ಕೆ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ 2017ರಿಂದ ಪ್ರತ್ಯೇಕ ಎಚ್ಚರಿಕೆ ಕೊಡುತ್ತಿದೆ. ಕರಾವಳಿಯವರು ಮೊದಲು ನೋಡಬೇಕಾದದ್ದು ಅದನ್ನು, ಜೊತೆಗೆ ತಮ್ಮ ಮನೆ ಯಾವ ತೆರವು ವಲಯದಲ್ಲಿದೆ ಎಂಬುದನ್ನು.