ಬರಬೇಕಾದ ಪೆಟ್ಟಿಗೆ

ನೀಲಗಿರಿಯ ಕೂನೂರಿನಲ್ಲಿ ಹಾಡುಗಳನ್ನು ಕೂಡಿಡುವವರಿಗೆ ಇಬ್ಬರು ಶತ್ರುಗಳು. ಒಂದು ಬೂಷ್ಟು. ಇನ್ನೊಂದು, ‘ಬರೋ ವಾರ ತಂದ್ಕೊಡ್ತೀನಿ’ ಎಂದು ಕ್ಯಾಸೆಟ್ ಒಯ್ಯುವ ನೆಂಟರು. ನೆಂಟರನ್ನು ಹೇಗೋ ಸಂಭಾಳಿಸಬಹುದು, ಬೂಷ್ಟಿನ ಮುಂದೆ ಯಾರ ಆಟವೂ ನಡೆಯುವುದಿಲ್ಲ. ಮುಂಗಾರು ಗೂಡಲೂರು, ಊಟಿಯ ಕಡೆ ಸುರಿದು ಸುಸ್ತಾಗಿ ನಮ್ಮಲ್ಲಿಗೆ ಬರೀ ಜಿಟಿಜಿಟಿಯಾಗಿ ಬರುತ್ತದೆ. ಅದು ಮುಗಿಯಿತು ಅನ್ನುವಷ್ಟರಲ್ಲಿ, ಅಕ್ಟೋಬರ್–ನವೆಂಬರ್‌ನಲ್ಲಿ, ಹಿಂಗಾರು ಮೆಟ್ಟುಪಾಳಯದ ಕಡೆಯಿಂದ ಘಾಟಿ ಹತ್ತಿ ಬಂದು ತನ್ನ ಲೆಕ್ಕ ಚುಕ್ತಾ ಮಾಡುತ್ತದೆ. ಎಲ್‌ಪಿ ಕವರುಗಳ ಮೇಲೆ ಬಿಳಿ ಚುಕ್ಕೆ, ಕ್ಯಾಸೆಟ್ ಟೇಪಿನ ಅಂಚಿಗೆ ಬೂದಿ ಬಣ್ಣದ ಧೂಳು. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ನಮ್ಮ ಮನೆಯಲ್ಲಿ ಯಾರೂ ಎಸೆಯುವುದಿಲ್ಲ, ಅವು ನೇರ ನನ್ನ ಟ್ರಂಕಿಗೆ ಸೇರುತ್ತವೆ.

ಹಾಗಾಗಿ ಹಳೆಯ ಆಲ್ಬಮ್ಮುಗಳು ಮತ್ತೆ ಹೊಸದಾಗಿ, ಚೆಂದದ ಪೆಟ್ಟಿಗೆಯಲ್ಲಿ ಬರಲಿ ಎಂದು ಹಂಬಲಿಸುವ ಹಕ್ಕು ಬೇರೆ ಊರಿನವರಿಗಿಂತ ನನಗೆ ಒಂದು ಗುಲಗಂಜಿ ಹೆಚ್ಚೇ ಇದೆ. ಪಶ್ಚಿಮದ ರಾಕ್ ಸಂಗೀತಗಾರರ ಅಭಿಮಾನಿಗಳು ಈ ವಿಷಯದಲ್ಲಿ ಪುಣ್ಯವಂತರು. ಬಾಬ್ ಡಿಲನ್ ಬದಿಗಿಟ್ಟಿದ್ದ ಹಾಡುಗಳು 1991ರಿಂದ ಸಂಪುಟದ ಮೇಲೆ ಸಂಪುಟವಾಗಿ ಬರುತ್ತಲೇ ಇವೆ. 1966ರ ಬೀಟಲ್ಸ್ ಆಲ್ಬಮ್ ‘ರಿವಾಲ್ವರ್’ 2022ರಲ್ಲಿ ಮತ್ತೆ ಬಂದಾಗ ಅದರ ಜೊತೆಗೆ ತಾಲೀಮಿನ ಟೇಪುಗಳು, ಅರ್ಧಕ್ಕೆ ನಿಂತ ಪ್ರಯತ್ನಗಳು, ದಪ್ಪನೆಯ ಪುಸ್ತಕ ಎಲ್ಲವೂ ಇದ್ದವು. ಅದನ್ನೆಲ್ಲ ಓದುವಾಗ ನನ್ನ ಮನಸ್ಸು ಲಿವರ್‌ಪೂಲ್‌ಗೆ ಹೋಗುವುದಿಲ್ಲ, ಮದ್ರಾಸಿನ ಸಿನಿಮಾ ಕೇರಿ ಕೋಡಂಬಾಕ್ಕಕ್ಕೆ ಹೋಗುತ್ತದೆ. ನನಗೆ ಬೇಕಾಗಿರುವುದು ಇಳಯರಾಜಾ ಅವರ ಕನ್ನಡದ ಪೆಟ್ಟಿಗೆ.

ಇಳಯರಾಜಾ ರಾಕ್ ಸಂಗೀತಗಾರರೇ ಎಂದು ಯಾರಾದರೂ ಹುಬ್ಬೇರಿಸಬಹುದು. ಅವರು ಎಲ್ಲವೂ ಹೌದು, ಅದೂ ಹೌದು. ಪಣ್ಣೈಪುರಂನಿಂದ ಮದ್ರಾಸಿಗೆ ಬಂದು, ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗಿಟಾರ್ ಪರೀಕ್ಷೆ ಪಾಸು ಮಾಡಿದ ಮನುಷ್ಯ. 1981ರಲ್ಲಿ ಶಂಕರ್‌ನಾಗ್ ‘ಗೀತಾ’ ಚಿತ್ರ ಮಾಡಿದಾಗ ಅದರ ನಾಯಕನೇ ಗಿಟಾರ್ ಹಿಡಿದು ವೇದಿಕೆಯ ಮೇಲೆ ಕುಣಿದು ಹಾಡುವವನು. ಅದಕ್ಕೆ ತಕ್ಕ ಹಾಡುಗಳನ್ನು ರಾಜಾ ಕೊಟ್ಟರು. ಚಿ. ಉದಯಶಂಕರ್ ಬರೆದರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದರು. ಬೇಸ್ ಗಿಟಾರ್ ಎಂಬ ವಾದ್ಯವೊಂದಿದೆ, ಅದು ಹಿಂದೆ ನಿಂತು ತಾಳ ಹಾಕುವುದಷ್ಟೇ ಅಲ್ಲ, ಹಾಡಿನ ಕೈಹಿಡಿದು ನಡೆಸಲೂ ಬಲ್ಲದು ಎಂಬುದು ನನ್ನಂಥ ಹುಡುಗರಿಗೆ ತಿಳಿದದ್ದು ಆ ಕ್ಯಾಸೆಟ್ಟಿನಿಂದ. ರಾಕ್ ಎಂಬ ಹೆಸರು ನಮ್ಮ ಕಿವಿಗೆ ಬಿದ್ದದ್ದು ಆಮೇಲೆ.

ನಮ್ಮೂರಲ್ಲಿ ಕನ್ನಡದವರಾಗಿ ಇಳಯರಾಜಾ ಅಭಿಮಾನಿಯಾಗಿರುವುದು ಸ್ವಲ್ಪ ಜಗಳದ ಕೆಲಸ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು, ಮಾರ್ಕೆಟ್ಟಿನಲ್ಲಿ ಸಿಗುವ ಗೆಳೆಯರದು ಕನ್ನಡದ ಮಗ್ಗುಲಲ್ಲೇ ಕೂರುವ ಬಡಗ ನುಡಿ. ಬಸ್ಸಿನಲ್ಲಿ ಒಂದು ಹಾಡು ಬರುತ್ತದೆ. ‘ಇದು ನಮ್ಮ ‘ನೂರಾವದು ನಾಳ್’ ಹಾಡು ಸಾರ್’ ಎಂದು ಪಕ್ಕದವರು ಹೆಮ್ಮೆಯಿಂದ ಹೇಳುತ್ತಾರೆ. ಆ ತಮಿಳು ಚಿತ್ರ 1984ರದು. ಅದೇ ಮಟ್ಟು ಮೂರು ವರ್ಷ ಮೊದಲೇ ‘ಗೀತಾ’ದಲ್ಲಿ ‘ಜೊತೆಯಲಿ’ ಆಗಿ ಬಂದಿತ್ತು ಎಂದು ನಾನು ಹೇಳುತ್ತೇನೆ. ಎರಡನ್ನೂ ಹಾಡಿದವರು ಎಸ್‌ಪಿಬಿ ಮತ್ತು ಎಸ್. ಜಾನಕಿಯೇ ಆದ್ದರಿಂದ ವಾದ ಬೇಗ ಇತ್ಯರ್ಥವಾಗುವುದೂ ಇಲ್ಲ. ಅಷ್ಟರಲ್ಲಿ ಹಿಂದಿನ ಸೀಟಿನ ಕಾಲೇಜು ಹುಡುಗಿ, ಅದು 2007ರ ಹಿಂದಿ ‘ಚೀನಿ ಕಮ್’ ಹಾಡು, ಹಾಡಿದ್ದು ಶ್ರೇಯಾ ಘೋಷಾಲ್ ಎಂದು ನಮ್ಮಿಬ್ಬರನ್ನೂ ತಿದ್ದುತ್ತಾಳೆ. ಮೂವರೂ ಹೇಳಿದ್ದು ನಿಜ.

ಈ ಜಗಳದಿಂದಲೇ ನನಗೆ ಒಂದು ವಿಷಯ ಹೊಳೆದದ್ದು. ಪಶ್ಚಿಮದ ಮರುಬಿಡುಗಡೆಗಳ ಜೀವಾಳವೇ ಔಟ್‌ಟೇಕು: ಕೈಬಿಟ್ಟ ಪ್ರಯತ್ನ, ಬೇರೆ ಲಯದಲ್ಲಿ ಹಾಡಿ ನೋಡಿದ್ದು, ಸಾಹಿತ್ಯ ಬದಲಾಗುವ ಮುಂಚಿನ ರೂಪ. ಮದ್ರಾಸಿನ ಆ ಕಾಲದ ಸ್ಟುಡಿಯೋಗಳಲ್ಲಿ ಅಂಥದ್ದಕ್ಕೆ ಜಾಗವೇ ಇರಲಿಲ್ಲ. ಬೆಳಗಿನ ಕಾಲ್‌ಶೀಟಿಗೆ ವಾದ್ಯಗಾರರು ಬಂದು ರಾಜಾ ಬರೆದಿಟ್ಟ ಸ್ವರಗಳನ್ನು ತಮ್ಮ ತಮ್ಮ ಹಾಳೆಗೆ ಇಳಿಸಿಕೊಳ್ಳುತ್ತಿದ್ದರು. ಗಾಯಕರು ಬರುತ್ತಿದ್ದರು. ಎಲ್ಲರೂ ಒಟ್ಟಿಗೆ ನುಡಿಸಿ, ಒಟ್ಟಿಗೆ ಹಾಡಿ, ಊಟದ ಹೊತ್ತಿಗೆ ಹಾಡು ಮುಗಿಯುತ್ತಿತ್ತು. ಪಿಟೀಲಿನ ಸಾಲಿನಲ್ಲಿ ಒಬ್ಬರು ತಪ್ಪಿದರೂ ಮೊದಲಿನಿಂದ. ತಪ್ಪಿದ ಟೇಕನ್ನು ಮುಂದಿನ ತಲೆಮಾರಿಗೆಂದು ಕಾದಿಡುವ ರೂಢಿ ನಮ್ಮಲ್ಲಿ ಬೆಳೆಯಲೇ ಇಲ್ಲ. ಹಾಗಾದರೆ ನಮ್ಮ ಪೆಟ್ಟಿಗೆಯಲ್ಲಿ ತುಂಬುವುದೇನು?

ತುಂಬಬೇಕಾದದ್ದು ಬೇರೆ ಭಾಷೆಗಳಲ್ಲಿದೆ. ಬೀಟಲ್ಸ್ ಒಂದೇ ಹಾಡನ್ನು ಒಂದೇ ಕೋಣೆಯಲ್ಲಿ ಹತ್ತು ಸಲ ಮಾಡಿ ನೋಡಿದರೆ, ರಾಜಾ ಒಂದು ಮಟ್ಟನ್ನು ಕನ್ನಡದಲ್ಲಿ ಮಾಡಿ, ತಮಿಳಿನಲ್ಲಿ ಮತ್ತೆ ತಿದ್ದಿ, ಕನ್ನಡದ್ದಾಗಿ ಇಪ್ಪತ್ತಾರು ವರ್ಷಗಳ ನಂತರ ಹಿಂದಿಯಲ್ಲಿ ಇನ್ನೊಮ್ಮೆ ಬಿಡಿಸಿ ನೋಡಿದರು. ಒಂದೇ ಚಹಾ ತೋಟದ ಎಲೆ ಕೂನೂರಿನ ಹರಾಜಿಗೆ ಬೇರೆ ಬೇರೆ ಗ್ರೇಡಾಗಿ ಹೋದ ಹಾಗೆ. ಆ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿ: ಬೇಸ್ ಎಲ್ಲಿ ಮುಂದೆ ಬಂತು, ಮಧ್ಯದ ವಾದ್ಯಭಾಗ ಎಲ್ಲಿ ಬದಲಾಯಿತು, ಯಾವುದನ್ನು ಅವರು ಮುಟ್ಟದೆ ಬಿಟ್ಟರು. ಸಂಗೀತಗಾರನೊಬ್ಬ ತನ್ನ ಕೆಲಸವನ್ನು ತಾನೇ ಹೇಗೆ ಓದಿಕೊಂಡ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಯಾವುದಿದೆ? ಆದರೆ ನಮ್ಮ ಕಂಪನಿಗಳು ಹಾಡುಗಳನ್ನು ಭಾಷೆಯ ಗೋಡೆ ಕಟ್ಟಿ ಮಾರುತ್ತವೆ. ಕನ್ನಡದ್ದು ಕನ್ನಡದ ಪಟ್ಟಿಯಲ್ಲಿ, ತಮಿಳಿನದು ತಮಿಳಿನ ಪಟ್ಟಿಯಲ್ಲಿ. ಆ ಗೋಡೆ ಇಲ್ಲದೆ ಬದುಕುವುದು ಏನೆಂದು ನೀಲಗಿರಿಯವರಾದ ನಮಗೆ ಗೊತ್ತು.

ಪೆಟ್ಟಿಗೆಯ ಎರಡನೆಯ ತಟ್ಟೆಯಲ್ಲಿ ನನಗೆ ಹಿನ್ನೆಲೆ ಸಂಗೀತ ಬೇಕು. ಮಣಿರತ್ನಂ ಅವರ ಮೊದಲ ಚಿತ್ರ ಕನ್ನಡದ ‘ಪಲ್ಲವಿ ಅನುಪಲ್ಲವಿ’, 1983ರದು. ಅದಕ್ಕೆ ರಾಜಾ ಕೊಟ್ಟ ಸಂಗೀತದ ಒಂದು ತುಣುಕು ಎಷ್ಟೋ ವರ್ಷಗಳ ನಂತರ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಾಗಿ ದೇಶದ ತುಂಬ ಮೊಳಗಿತು. ಚಿತ್ರದ ಹೆಸರೇ ಕೇಳದವರ ಜೇಬಿನಲ್ಲೂ ಅದು ರಿಂಗ್‌ಟೋನಾಗಿ ಕೂತಿತು. ಇಷ್ಟಾದರೂ ಆ ಚಿತ್ರದ ಪೂರ್ತಿ ಹಿನ್ನೆಲೆ ಸಂಗೀತವನ್ನು, ಮಾತಿನ ಸದ್ದಿಲ್ಲದೆ, ಅಂಗಡಿಯಲ್ಲಿ ಕೊಳ್ಳುವ ಯೋಗ ನನಗೆ ಬಂದಿಲ್ಲ. ಅಭಿಮಾನಿಗಳು ಸಿನಿಮಾದಿಂದ ಕತ್ತರಿಸಿಕೊಂಡಿದ್ದಾರೆ. ಸಂಗೀತ ಏರುವ ಹೊತ್ತಿಗೆ ಸರಿಯಾಗಿ ಯಾರೋ ಬಾಗಿಲು ತಟ್ಟುತ್ತಾರೆ, ಇಲ್ಲವೇ ಅನಿಲ್ ಕಪೂರ್ ಮಾತಾಡುತ್ತಾರೆ.

ಆ ಚಿತ್ರದ ಛಾಯಾಗ್ರಾಹಕ ಬಾಲು ಮಹೇಂದ್ರ. ತಾವೇ ನಿರ್ದೇಶಿಸಿದ ‘ಮೂನ್ರಾಂ ಪಿರೈ’ ಚಿತ್ರದ ಕೊನೆಯ ದೃಶ್ಯವನ್ನು ಅವರು ತೆಗೆದದ್ದು ನಮ್ಮ ಕೇತ್ತಿ ಸ್ಟೇಷನ್ನಿನಲ್ಲಿ. ಕೂನೂರಿನಿಂದ ಮೇಲೆ ಹತ್ತುವ ರೈಲಿಗೆ ವೆಲ್ಲಿಂಗ್ಟನ್, ಅರವಂಕಾಡು ಕಳೆದರೆ ಸಿಗುವ ಪುಟ್ಟ ಸ್ಟೇಷನ್ನು. ಮಳೆಯಲ್ಲಿ ಕಮಲ್‌ಹಾಸನ್ ಕುಂಟುತ್ತ, ಕೋತಿಯಾಟ ಆಡುತ್ತ ಓಡುವ ಆ ದೃಶ್ಯಕ್ಕೂ ಸಂಗೀತ ರಾಜಾ ಅವರದೇ. ಪ್ರವಾಸಿಗಳು ಅಲ್ಲಿ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಸಂಗೀತವನ್ನು ಮಾತ್ರ ನಾನು ಬೇರೆಯಾಗಿ ಕೇಳಿಲ್ಲ. ಚಿತ್ರದೊಳಗೇ ಹುಟ್ಟಿ ಅದರೊಳಗೇ ಉಳಿದ ಇಂಥ ಸಂಗೀತ ಅವರ ಸಾವಿರಕ್ಕೂ ಮಿಕ್ಕ ಚಿತ್ರಗಳಲ್ಲಿ ಎಷ್ಟು ಗಂಟೆಗಳಷ್ಟಿರಬಹುದು!

ಇನ್ನು ತಂತ್ರಜ್ಞಾನದ ಮಾತು. ಆ ಕಾಲದ ಟೇಪುಗಳಲ್ಲಿ ಹಲವು ತೇವ ಹೀರಿಕೊಂಡು ಅಂಟಂಟಾಗುತ್ತವೆ. ಅಂಥವನ್ನು ಸುಮಾರು 50 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿ, ನುಡಿಯುವ ಸ್ಥಿತಿಯಲ್ಲಿರುವಾಗಲೇ ಬೇಗ ನಕಲು ತೆಗೆದುಕೊಳ್ಳಬೇಕು. ಒಂದೇ ಜಾಡಿನಲ್ಲಿ, ಅಂದರೆ ಟ್ರ್ಯಾಕಿನಲ್ಲಿ, ಬೆರೆತುಹೋದ ವಾದ್ಯಗಳನ್ನು ಬಿಡಿಸುವ ವಿದ್ಯೆಯೂ ಈಗ ಬಂದಿದೆ. ‘ರಿವಾಲ್ವರ್’ ಕೂಡ ನಾಲ್ಕೇ ಜಾಡಿನ ಟೇಪುಗಳಲ್ಲಿತ್ತು. ಚಿತ್ರನಿರ್ದೇಶಕ ಪೀಟರ್ ಜಾಕ್ಸನ್ ಅವರ ತಂಡ ಕಂಪ್ಯೂಟರಿಗೆ ಕಲಿಸಿ ಡ್ರಮ್ಸು, ಗಿಟಾರು, ಬೇಸುಗಳನ್ನು ಬಿಡಿಬಿಡಿಯಾಗಿ ಎತ್ತಿಕೊಟ್ಟಿತು. ‘ಗೀತಾ’ಗೂ ಇದನ್ನೇ ಮಾಡಿದರೆ ಆ ಬೇಸ್ ಒಂಟಿಯಾಗಿ ಕೇಳಿಸೀತು. ಒಮ್ಮೆ ಕೇಳಲು ನನಗೂ ಆಸೆ. ಆದರೆ ದಿನನಿತ್ಯ ಕೇಳುವುದಕ್ಕೆ ಎಲ್ಲರೂ ಒಂದೇ ಕೋಣೆಯಲ್ಲಿ ಒಬ್ಬರ ಉಸಿರಿಗೆ ಒಬ್ಬರು ಕಿವಿಗೊಟ್ಟು ನುಡಿಸಿದ ಮೂಲವೇ ಇರಲಿ. ತೊಳೆದು ಇಸ್ತ್ರಿ ಮಾಡಿದ ಹೊಸ ರೂಪ ಅದರ ಪಕ್ಕದಲ್ಲಿರಲಿ, ಅದರ ಜಾಗದಲ್ಲಿ ಬೇಡ.

ಪೆಟ್ಟಿಗೆ ಬರದಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಹಾಡಿನ ಹಕ್ಕು ಯಾರದು ಎಂಬ ಗಂಟು ಇನ್ನೂ ಬಿಚ್ಚಿಲ್ಲ. ಮಟ್ಟು ಸಂಗೀತಗಾರನದು, ಮುದ್ರಿತ ಧ್ವನಿ ನಿರ್ಮಾಪಕನಿಂದ ಕೊಂಡ ಕಂಪನಿಯದು ಎಂದು ಕಾನೂನು ಎರಡು ಕಡೆ ಎಳೆಯುತ್ತದೆ. ಕಂಪನಿಗಳ ಜೊತೆಗಿನ ರಾಜಾ ಅವರ ವ್ಯಾಜ್ಯಗಳು ವರ್ಷಗಳಿಂದ ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುತ್ತಿವೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಮುದ್ರಿತ ಧ್ವನಿಗೆ ಬಿಡುಗಡೆಯಾದ ವರ್ಷದ ನಂತರ 60 ವರ್ಷಗಳ ರಕ್ಷಣೆ. 1981ರ ‘ಗೀತಾ’ ಆ ಲೆಕ್ಕದಲ್ಲಿ 2042ರ ಹೊಸ ವರ್ಷದ ದಿನ ಹಕ್ಕಿನ ಹಿಡಿತದಿಂದ ಬಿಡುಗಡೆಯಾಗುತ್ತದೆ. ಅದೂ ಧ್ವನಿ ಮಾತ್ರ. ಮಟ್ಟಿನ ಹಕ್ಕು ಸಂಗೀತಗಾರನ ಕಾಲಾನಂತರವೂ 60 ವರ್ಷ ಇರುತ್ತದೆ. ಕಾಯುವ ಅಭಿಮಾನಿಗಳಿಗೆ ಪುನರ್ಜನ್ಮದಲ್ಲಿ ನಂಬಿಕೆ ಇರುವುದು ಒಳ್ಳೆಯದು.

ಸ್ವತಃ ರಾಜಾ ಅವರಿಗೆ ಹಿಂದಿರುಗಿ ನೋಡುವ ಪುರಸೊತ್ತಿದ್ದಂತೆ ಕಾಣುವುದಿಲ್ಲ. 1993ರಲ್ಲಿ ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಅವರ ಸಿಂಫನಿಯನ್ನು ನುಡಿಸಿ ಮುದ್ರಿಸಿತು, ಅದು ಕೇಳುಗರ ಕೈಗೆ ಬರಲೇ ಇಲ್ಲ. ಅಭಿಮಾನಿಗಳು ಅದರ ದಾರಿ ಕಾಯುತ್ತಿರುವಾಗ ಅವರು 2025ರ ಮಾರ್ಚ್ 8ರಂದು, 81ನೇ ವಯಸ್ಸಿನಲ್ಲಿ, ಅದೇ ಲಂಡನ್ನಿನಲ್ಲಿ ‘ವೇಲಿಯಂಟ್’ ಎಂಬ ಹೊಸ ಸಿಂಫನಿಯನ್ನೇ ಕೇಳಿಸಿದರು. ನಾವು ಹಳೆಯದನ್ನು ಕೇಳುತ್ತೇವೆ, ಅವರು ಹೊಸದನ್ನು ಕೊಡುತ್ತಾರೆ. ದೂರುವುದಾದರೂ ಹೇಗೆ?

ಈ ಆಸೆಗಳನ್ನೆಲ್ಲ ನಾನು ಒಬ್ಬ ಬಡಗ ಗೆಳೆಯನ ಮುಂದೆ ಹರವಿಕೊಂಡೆ. ಅವನು ಪೂರ್ತಿ ಕೇಳಿ, ‘ಅಣ್ಣ, ನಿಮ್ಮ ರಾಜಾದು ಇವತ್ತಲ್ಲ ನಾಳೆ ಯಾರಾದರೂ ಹಾಕೇ ಹಾಕ್ತಾರೆ. ನಮ್ಮ ಹಟ್ಟಿ ಹಾಡಿನ ಕ್ಯಾಸೆಟ್ಟು ಯಾರು ಹಾಕ್ತಾರೆ?’ ಎಂದ. ಬಡಗರ ಹೆತ್ತೆ ಹಬ್ಬದ ಹೊತ್ತಿಗೆ, ಮದುವೆಯ ಹೊತ್ತಿಗೆ ಬೆಟ್ಟದ ಅಂಗಡಿಗಳಲ್ಲಿ ಮಾರುತ್ತಿದ್ದ ಬಡಗ ಹಾಡಿನ ಕ್ಯಾಸೆಟ್ಟುಗಳವು. ಅವನ ಮನೆಯಲ್ಲಿ ಉಳಿದಿದ್ದವುಗಳ ಮೇಲೆ ಹಾಡಿದವರ ಹೆಸರು ಮಾಸಿತ್ತು, ನುಡಿಸಿದವರ ಹೆಸರು ಮೊದಲೇ ಇರಲಿಲ್ಲ. ಅವನ ತಾಯಿ ಒಂದೊಂದೇ ಹಾಡು ಕೇಳುತ್ತ, ಇದು ಇಂಥ ಹಟ್ಟಿಯ ಹುಡುಗ ನುಡಿಸಿದ್ದು, ಇದು ಅವನ ಮಾವ ಎಂದು ಹೇಳುತ್ತ ಹೋದರು. ನಾವು ಲ್ಯಾಪ್‌ಟಾಪಿಗೆ ಹಾಡು ಇಳಿಸಿಕೊಳ್ಳುತ್ತ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡೆವು. ನಕಲಿನಲ್ಲಿ ಗರಗರ ಸದ್ದು ತುಂಬ ಇದೆ. ನೋಟ್‌ಬುಕ್ಕು ಮಾತ್ರ ಚೊಕ್ಕವಾಗಿದೆ.

ಅಲ್ಲಿಂದ ನನ್ನ ಪೆಟ್ಟಿಗೆಯ ಕನಸು ತಲೆಕೆಳಗಾಯಿತು. ಕೊನೆಯಲ್ಲಿ ಸೇರಿಸಬೇಕಾದದ್ದು ಎಂದುಕೊಂಡಿದ್ದ ಪುಸ್ತಿಕೆ ಮೊದಲಿಗೆ ಬಂತು. ನನ್ನ ‘ಗೀತಾ’ ಕ್ಯಾಸೆಟ್ಟಿನ ಚೀಟಿಯಲ್ಲಿ ಆ ಬೇಸ್ ನುಡಿಸಿದವರ ಹೆಸರಿಲ್ಲ. ರಾಜಾ ಅವರ ತಂಡದಲ್ಲಿ ಬೇಸ್‌ಗೆ ಶಶಿಧರನ್, ಡ್ರಮ್ಸಿಗೆ ಪುರುಷೋತ್ತಮನ್, ಗಿಟಾರಿಗೆ ಸದಾನಂದಂ, ಕೀಬೋರ್ಡಿಗೆ ವಿಜಿ ಮ್ಯಾನುಯೆಲ್ ಇದ್ದರು ಎಂದು ಬಲ್ಲವರು ಬಲ್ಲರು, ಯಾವ ಹಾಡಿನಲ್ಲಿ ಯಾರು ಎಂಬುದು ಅಚ್ಚಾಗಿಲ್ಲ. ಅದಕ್ಕೂ ಹಿಂದೆ ರಾಜಾ ಅವರೇ ಹೆಸರಿಲ್ಲದ ವಾದ್ಯಗಾರರಾಗಿದ್ದರು. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಅವರು ಕೆಲಸ ಕಲಿತದ್ದು ಹೆಚ್ಚಾಗಿ ಕನ್ನಡ ಚಿತ್ರಗಳಲ್ಲೇ. ಎಪ್ಪತ್ತರ ದಶಕದ ರಾಜ್‌ಕುಮಾರ್ ಚಿತ್ರಗಳ ಹಾಡಿನಲ್ಲಿ ಗಿಟಾರ್ ಮಿಂಚಿದಾಗೆಲ್ಲ, ಇದು ಅವರದೇ ಬೆರಳಿರಬಹುದೇ ಎಂದು ಕಿವಿ ನಿಮಿರುತ್ತದೆ. ಮೊಬೈಲಿನ ಹಾಡಿನ ಆ್ಯಪ್‌ಗಳಲ್ಲಂತೂ ‘ಪಲ್ಲವಿ ಅನುಪಲ್ಲವಿ’ಯ ಹಾಡುಗಳನ್ನು ಬರೆದ ಆರ್.ಎನ್. ಜಯಗೋಪಾಲ್ ಅವರ ಹೆಸರನ್ನೂ ಹುಡುಕಿ ತೆಗೆಯಬೇಕು.

ಹೊಸ ತಟ್ಟೆ ಒತ್ತಿಸಲು ಹಕ್ಕು ಬೇಕು, ಟೇಪು ಬೇಕು, ದುಡ್ಡು ಬೇಕು. ಹೆಸರು ಬರೆದುಕೊಳ್ಳಲು ಯಾವ ಕೋರ್ಟಿನ ಅಪ್ಪಣೆಯೂ ಬೇಡ. ಆ ಬೆಳಗಿನ ಕಾಲ್‌ಶೀಟುಗಳಲ್ಲಿ ಕೂತು ನುಡಿಸಿದವರನ್ನು ಅವರು ನಮ್ಮ ನಡುವೆ ಇರುವಾಗಲೇ ಕಂಡು, ಒಂದೊಂದು ಹಾಡನ್ನೂ ಕೇಳಿಸಿ, ‘ಇಲ್ಲಿ ಯಾರು?’ ಎಂದು ಕೇಳುವ ಉತ್ಸಾಹಿಗಳು ಸಾಕು. ಹಾಡು 2042ರವರೆಗೂ ಕಾದೀತು, ನುಡಿಸಿದವರು ಕಾಯಲಾರರು. ಕಂಪನಿಯವರಿಗೆ ನನ್ನ ಅರ್ಜಿ ಇಷ್ಟೇ: ಪೆಟ್ಟಿಗೆ ನಿಮ್ಮ ಅನುಕೂಲದಂತೆ ತಡವಾಗಿ ಬರಲಿ, ಪುಸ್ತಿಕೆಯನ್ನು ಈಗಲೇ ಅಚ್ಚು ಹಾಕಿ. ಹಾಡು ಹೇಗೂ ನಮಗೆಲ್ಲ ಬಾಯಿಪಾಠವಿದೆ.